ಪಹಣಿಯ ಚುಕ್ಕಿ, ಮುಲ್ಕಿಯ ಲೆಕ್ಕ

ಯುಗಾದಿ ಹತ್ತಿರ ಬಂದರೆ ನವಲಗುಂದದ ಕಡೆ ಹೊಲದ ಲಾವಣಿ ಮಾತು ಶುರುವಾಗುತ್ತದೆ. ಅಂಥದ್ದೊಂದು ಮಾತಿನ ನಡುವೆ ನಾವು ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಮನೆಯ ಅಜ್ಜಿಗೆ ಎರಡು ತುಂಡು ಎರಿ ಹೊಲ. ಎರಡರ ಪಹಣಿಯಲ್ಲೂ ವಿಸ್ತೀರ್ಣ 1.25 ಎಂದಿತ್ತು. ಏಳನೇ ತರಗತಿಯ ಮೊಮ್ಮಗ ಮೊಬೈಲ್ ತೆಗೆದು 1.25ಕ್ಕೆ 1.25 ಕೂಡಿಸಿದ. 2.50 ಬಂತು. "ಎರಡೂವರಿ ಎಕರೆ ಅಜ್ಜಿ" ಅಂದ. ಲಾವಣಿ ಹಾಕಿಕೊಳ್ಳಲು ಬಂದಿದ್ದವರೂ ತಲೆ ಆಡಿಸಿದರು.

ಪಕ್ಕದ ಮನೆಯ ಅಜ್ಜಾರು ಗೋಡೆಗೆ ಆನಿಕೊಂಡು ಕೂತವರು ಅಲ್ಲಿಂದಲೇ ಕೂಗಿದರು: "ಏ ತಮ್ಮಾ, ಎಕರೇಕ ನೂರ ಗುಂಟೆ ಅಲ್ಲೋ, ನಲವತ್ತ. ಒಂದ ಎಕರೆ ಇಪ್ಪತ್ತೈದ ಗುಂಟೆ ಅಂದ್ರ ದೀಡ ಎಕರೆ ಮ್ಯಾಲ ಐದ ಗುಂಟೆ. ಎರಡ ಕೂಡಿದ್ರ ಮೂರ ಎಕರೆ ಹತ್ತ ಗುಂಟೆ. ಸವ್ವಾ ಮೂರು."

ಎಕರೆಗೆ 12,000 ರೂಪಾಯಿ ಲಾವಣಿ ಎಂದು ಇಟ್ಟುಕೊಳ್ಳಿ. ಹುಡುಗನ ಲೆಕ್ಕಕ್ಕೆ 30,000. ಅಜ್ಜಾರ ಲೆಕ್ಕಕ್ಕೆ 39,000. ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದಕ್ಕೆ ಒಂಬತ್ತು ಸಾವಿರ ಹೋಗುತ್ತಿತ್ತು. ಹುಡುಗ ದಡ್ಡನಲ್ಲ, ಶಾಲೆಯಲ್ಲಿ ಕಲಿಸಿದ ದಶಮಾಂಶವನ್ನು ಸರಿಯಾಗಿಯೇ ಮಾಡಿದ್ದ. ಪಹಣಿಯ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅಜ್ಜಾರು ಮುಲ್ಕಿ ಪಾಸಾದವರು. ಆ ಕಟ್ಟೆಯಿಂದ ಎದ್ದ ಮೇಲೆ ನಮಗೆ ಕಾಡಿದ ಪ್ರಶ್ನೆ ಇದು: ನಮ್ಮ ಸೀಮೆಯ ಶಾಲೆಗಳಲ್ಲಿ ಲೆಕ್ಕ ಹೇಗೆ ಕಲಿಸುತ್ತಿದ್ದರು, ಅದು ಯಾವಾಗ ಬದಲಾಯಿತು, ಬದಲಾದಾಗ ಏನು ಬಂತು, ಏನು ಹೋಯಿತು?

ಬಹಳ ಹಿಂದಿನಿಂದ ಶುರು ಮಾಡಬಹುದು. ಅಣ್ಣಿಗೇರಿ ಆಗ ಬೆಳ್ವೊಲ-300 ಎಂಬ ನಾಡಿನ ಮುಖ್ಯ ಊರು. ಆ ನಾಡು ರಾಷ್ಟ್ರಕೂಟರ ಕೈಯಲ್ಲಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದ ಪುಸ್ತಕ ಅದು. ಬೇರೆ ಬೇರೆ ಛೇದವಿರುವ ಭಿನ್ನರಾಶಿಗಳನ್ನು ಕೂಡಿಸಲು ಛೇದಗಳಿಗೆಲ್ಲ ಸಾಮಾನ್ಯವಾದ ಅತಿ ಚಿಕ್ಕ ಅಪವರ್ತ್ಯ ಹುಡುಕಿದರೆ ಕೆಲಸ ಹಗುರ ಎಂದು ಅದರಲ್ಲಿ ಹೇಳಿದ್ದಾನೆ. ಅದಕ್ಕೆ ಅವನಿಟ್ಟ ಹೆಸರು 'ನಿರುದ್ಧ'. ಇಂದು ಆರನೇ ತರಗತಿಯ ಮಕ್ಕಳು ಲ.ಸಾ.ಅ. ಎಂದು ಕಲಿಯುವುದು ಇದನ್ನೇ.

ದೊಡ್ಡ ಗುಣಾಕಾರವನ್ನು ಆಟ ಮಾಡಿದವನೂ ಅವನೇ. 142857143ನ್ನು 7ರಿಂದ ಗುಣಿಸಿ ನೋಡಿ, 1000000001 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. ಕುಂದಗೋಳದ ಕಡೆಯ ಒಂದು ಶಾಲೆಯಲ್ಲಿ ನಾವು ಎರಡನೆಯದನ್ನು ಹಲಗೆಯ ಮೇಲೆ ಬರೆದು ಕೊಟ್ಟಾಗ ಮಕ್ಕಳು ಗುಣಾಕಾರ ಮುಗಿಸಿ, ಉತ್ತರ ನೋಡಿ, ತಪ್ಪಾಗಿರಬೇಕು ಎಂದು ಅಳಿಸಿ ಮತ್ತೆ ಮಾಡಿದರು.

ಅಣ್ಣಿಗೇರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ತೆಲಂಗಾಣದ ಕುರ್ಕ್ಯಾಲದ ಶಾಸನ ಹೇಳುತ್ತದೆ. ಜೋಯಿಸ ಅಂದ ಮೇಲೆ ಪಂಚಾಂಗದ ಲೆಕ್ಕ ಬಲ್ಲ ಮನೆತನ. ಊರಿನವರು ಪಂಪನನ್ನು ಕೊಂಡಾಡುವಷ್ಟು ಈ ಲೆಕ್ಕದ ಮುತ್ತಜ್ಜನನ್ನು ನೆನೆಯುವುದಿಲ್ಲ.

ಕನ್ನಡದಲ್ಲೇ ಗಣಿತ ಬರೆದ ಮೊದಲಿಗ ರಾಜಾದಿತ್ಯ, 12ನೇ ಶತಮಾನದವನು. ಅವನ ಒಂದು ಪುಸ್ತಕದ ಹೆಸರೇ 'ವ್ಯವಹಾರಗಣಿತ', ಇನ್ನೊಂದು 'ಕ್ಷೇತ್ರಗಣಿತ'. ಒಂದು ಕೊಡುಕೊಳ್ಳುವ ಲೆಕ್ಕ, ಇನ್ನೊಂದು ಹೊಲ ಅಳೆಯುವ ಲೆಕ್ಕ. ಲಾವಣಿ ಕಟ್ಟೆಯ ಮೇಲೆ ಬೇಕಾದದ್ದೂ ಅವೆರಡೇ.

ಇವೆಲ್ಲ ಪಂಡಿತರ ಪುಸ್ತಕಗಳು. ಹಳ್ಳಿಯ ಹುಡುಗ ಏನು ಕಲಿಯುತ್ತಿದ್ದ ಎಂಬುದಕ್ಕೆ ನಮಗೆ ಸಿಗುವ ಒಳ್ಳೆಯ ಚಿತ್ರ ಸಾವಿರ ವರ್ಷ ಈಚಿನದು, ಅದೂ ನೆರೆಯ ಬಳ್ಳಾರಿಯದು. 1817ರ ಕೊನೆಯಲ್ಲಿ ಪೇಶ್ವೆಯ ಕಡೆಯವರಿಂದ ನವಲಗುಂದವನ್ನು ಬಿಡಿಸಿಕೊಂಡ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆದ. 1822ರಲ್ಲಿ ತನ್ನ ಪ್ರಾಂತದ ಜಿಲ್ಲೆಗಳಲ್ಲಿ ಶಾಲೆಗಳೆಷ್ಟು, ಏನು ಕಲಿಸುತ್ತಾರೆ, ಬರೆದು ಕಳಿಸಿ ಎಂದು ಕಲೆಕ್ಟರರಿಗೆ ಆದೇಶ ಮಾಡಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ ಕನ್ನಡ ಶಾಲೆ 235. ಒಟ್ಟು ಮಕ್ಕಳು 6,641. ಹೆಣ್ಣುಮಕ್ಕಳು ಬರೀ 60.

ಧಾರವಾಡ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು, ಆದರೆ ಗಾವಟಿ ಶಾಲೆಗಳಿಗೆ ಪ್ರಾಂತದ ಗಡಿ ಗೊತ್ತಿರಲಿಲ್ಲ. ಅಯ್ಯಗಳ ಮಠ, ಪಂತೋಜಿಯ ಪಡಸಾಲೆ, ಮರಳಿನ ಮೇಲೆ ಬೆರಳಿನಿಂದ ಅಕ್ಷರ, ಆಮೇಲೆ ಕರಿ ಬಳಿದ ಕಡತ ಮತ್ತು ಬಳಪ. ನಮ್ಮಲ್ಲೂ ಅದೇ ಕ್ರಮ.

ಕ್ಯಾಂಪ್‌ಬೆಲ್‌ನ ವರದಿ ಓದಲು ರುಚಿಯಾಗಿದೆ. ಶಾಲೆ ಬೆಳಿಗ್ಗೆ ಆರಕ್ಕೇ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈ ಮೇಲೆ ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ ಎಂಬರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ತಡವಾಗಿ ಬಂದವನಿಗೆ ಎಣಿಕೆ ತಾನಾಗಿಯೇ ಬರುತ್ತಿರಬೇಕು.

ನಮಗೆ ಮುಖ್ಯವಾದದ್ದು ಅವನು ಲೆಕ್ಕದ ಬಗ್ಗೆ ಬರೆದ ಮಾತು. ಇಲ್ಲಿನ ಹುಡುಗರು ಭಿನ್ನರಾಶಿಗೆ ಬಹಳ ಹೊತ್ತು ಕೊಡುತ್ತಾರೆ, ಆದರೆ ಆ ಭಿನ್ನರಾಶಿ ತಮ್ಮ ಕಡೆಯ ದಶಮಾಂಶದಂತೆ ಹತ್ತರಿಂದ ಹತ್ತಕ್ಕೆ ಇಳಿಯುವುದಿಲ್ಲ, ನಾಲ್ಕರಿಂದ ನಾಲ್ಕಕ್ಕೆ ಇಳಿಯುತ್ತದೆ ಎನ್ನುತ್ತಾನೆ. ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ದೊಡ್ಡ ಹುಡುಗನೊಬ್ಬ ಹೇಳಿದಂತೆ ಎಲ್ಲರೂ ಮಗ್ಗಿ ಮತ್ತು ಅಳತೆಗಳನ್ನು ಹೇಳುತ್ತಿದ್ದರು ಎಂದೂ ಬರೆದಿದ್ದಾನೆ.

ನಾಲ್ಕರಿಂದ ಇಳಿಯುವುದು ಅಂದರೆ ಹೀಗೆ. ಒಂದರಲ್ಲಿ ನಾಲ್ಕನೆಯ ಪಾಲು ಕಾಲು. ಕಾಲಿನ ನಾಲ್ಕನೆಯ ಪಾಲು ವೀಸ, ಅಂದರೆ ಹದಿನಾರರಲ್ಲಿ ಒಂದು. ವೀಸದ ನಾಲ್ಕನೆಯ ಪಾಲು ಕಾಣಿ, ಅರವತ್ನಾಲ್ಕರಲ್ಲಿ ಒಂದು. ಹಗ್ಗವನ್ನು ಎರಡು ಸಲ ಮಡಚಿದರೆ ಕಾಲು, ನಾಲ್ಕು ಸಲ ಮಡಚಿದರೆ ವೀಸ. ಯಾವ ಅಳತೆಕೋಲೂ ಬೇಡ. ಹತ್ತು ಸಮಪಾಲು ಮಾಡಿ ಎಂದು ಅದೇ ಹಗ್ಗ ಕೊಟ್ಟರೆ ಯಾರಿಗಾದರೂ ತಲೆ ಕೆಡುತ್ತದೆ.

ಹಾಗಾಗಿ ಹಳೆಯ ಪೇಟೆಯ ತುಂಬ ಹದಿನಾರು. ರೂಪಾಯಿಗೆ 16 ಆಣೆ. ಸೇರಿಗೆ 16 ಛಟಾಕು. ಗುಂಟೆಗೂ 16 ಆಣೆ. ಮುಂಬೈ ಸರ್ಕಾರದ ಮೋಜಣಿಯವರು ಹೊಲ ಅಳೆದ ಸರಪಳಿ 33 ಅಡಿ, ಅದಕ್ಕೂ 16 ಭಾಗ, ಒಂದೊಂದು ಭಾಗಕ್ಕೆ ಆಣೆ ಎಂದೇ ಹೆಸರು. ಆ ಸರಪಳಿಯ ಒಂದು ಚೌಕ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ 43,560 ಚದರ ಅಡಿ, ಒಂದು ಎಕರೆ.

ಅದಕ್ಕೂ ಹಿಂದೆ ಶಾಸನಗಳ ಕಾಲದಲ್ಲಿ ನಮ್ಮ ಹೊಲಗಳಿಗೆ ಮತ್ತರು, ಕಮ್ಮ ಎಂಬ ಅಳತೆಗಳಿದ್ದವು. ಅಳೆಯುವ ಕೋಲು ಊರಿಂದ ಊರಿಗೆ ಬೇರೆ. ಅದನ್ನು ಒಂದೇ ಹದಕ್ಕೆ ತಂದದ್ದು ಜಾರ್ಜ್ ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳ ಕಾಲದ ಮೋಜಣಿ. ಮಣ್ಣಿನ ಗುಣಕ್ಕೂ ಅವರು ಆಣೆಯಲ್ಲೇ ಬೆಲೆ ಕಟ್ಟಿದರು. ಆಳದ ಒಳ್ಳೆಯ ಎರಿ 16 ಆಣೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತ ಒಟ್ಟು ಒಂಬತ್ತು ತರಗತಿ.

ಬೆಳೆಗೂ ಆಣೆ. ಇಂದಿಗೂ ಹಿರಿಯರು "ಈ ಸಲ ಎಂಟಾಣೆ ಬೆಳಿ" ಅನ್ನುತ್ತಾರೆ. ಆ ಮಾತು ಬರೀ ಅಂದಾಜಲ್ಲ. ಮುಂಬೈ ಪ್ರಾಂತದ ನಿಯಮದಲ್ಲಿ ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ವರ್ಷದ ಕಂದಾಯ ವಸೂಲಿ ನಿಲ್ಲಿಸಬೇಕಿತ್ತು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಗಾಂಧೀಜಿ ಮಾಡಿದ ಸತ್ಯಾಗ್ರಹದ ಬೇರು ಇದೇ ಲೆಕ್ಕ. ರೈತರು ಬೆಳೆ ನಾಲ್ಕಾಣೆ ದಾಟಿಲ್ಲ ಎಂದರು, ಅಧಿಕಾರಿಗಳು ದಾಟಿದೆ ಎಂದರು. ಕಾಲು ಎಂದರೆ ಎಷ್ಟು ಎಂಬುದು ಮನೆಯ ಪಾತ್ರೆ ಪಗಡ ಜಪ್ತಿ ಆಗುವ ಪ್ರಶ್ನೆಯಾಗಿತ್ತು. ಎಕರೆಗೆ ಇಷ್ಟು ಎಂಬ ಕರದ ಲೆಕ್ಕ ನಮ್ಮಲ್ಲೂ ರಕ್ತ ಹರಿಸಿದೆ. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು.

ಮುಲ್ಕಿ ಎಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಮುಂಬೈ ಪ್ರಾಂತದ ಕನ್ನಡ ಶಾಲೆಗಳಲ್ಲಿ ಏಳನೇ ಇಯತ್ತೆ ಮುಗಿಸಿ ಬರೆಯುವ ಪರೀಕ್ಷೆ ಅದು. ಪಾಸಾದರೆ ಮಾಸ್ತರಿಕೆ, ತಲಾಟಿ ಕೆಲಸ ಸಿಗುವ ದಾರಿ. ಧಾರವಾಡದಲ್ಲಿ ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಕಾಲೇಜು ಇತ್ತು. ಮರಾಠಿಯ ಜೋರಿನ ನಡುವೆ ಕನ್ನಡ ಶಾಲೆಗಳನ್ನು ಎಬ್ಬಿಸಿದ ಡೆಪ್ಯುಟಿ ಚೆನ್ನಬಸಪ್ಪನವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಆ ಮಾಸ್ತರರಿಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ಹುಟ್ಟಿದ ಪತ್ರಿಕೆಯ ಹೆಸರು 'ಮಠಪತ್ರಿಕೆ'. ಶಾಲೆಗೆ ಮಠ ಅನ್ನುತ್ತಿದ್ದ ಕಾಲದ ಗುರುತು ಆ ಹೆಸರಿನಲ್ಲಿದೆ.

ಮುಲ್ಕಿ ಆದವನಿಗೆ ಮಗ್ಗಿ ಬರೀ ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಅಲ್ಲ. ಕಾಲು, ಅರ್ಧ, ಮುಕ್ಕಾಲು, ಸವ್ವಾ, ದೀಡ, ಅಡೀಚ ಇವಕ್ಕೂ ಮಗ್ಗಿ. ಮರಾಠಿಯಲ್ಲಿ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ, ಅಡೀಚಕಿ ಎಂದು ಒಂದೊಂದಕ್ಕೂ ಹೆಸರಿದೆ. ಬರೆಯುವಾಗ ಕಾಲಿಗೆ ಒಂದು ಉದ್ದ ಗೆರೆ, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ಅಜ್ಜಾರು "ದೀಡ ಎಕರೆ ಮ್ಯಾಲ ಐದ ಗುಂಟೆ" ಅಂದದ್ದು ಆ ಮಗ್ಗಿಯ ಬಲದಿಂದ. ಅವರು 130ನ್ನು 40ರಿಂದ ಭಾಗಿಸಲೇ ಇಲ್ಲ. ದೀಡದ ಎರಡರಷ್ಟು ಮೂರು, ಐದರ ಎರಡರಷ್ಟು ಹತ್ತು, ಮುಗಿಯಿತು.

ಆ ಪದ್ಧತಿಯನ್ನು ಬರೀ ಹೊಗಳಲು ನಮಗೆ ಮನಸ್ಸಿಲ್ಲ. ಏಟು ತಿಂದು ಓಡಿಹೋದವರ ಲೆಕ್ಕ ಯಾರೂ ಇಟ್ಟಿಲ್ಲ. ಅಜ್ಜಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಆ ಮಗ್ಗಿ ಎಷ್ಟು ಜನರ ಕಿವಿಗೆ ಬಿದ್ದಿತ್ತು? ಅಂದು ಹೊಲ ಅಜ್ಜಿಯ ಹೆಸರಲ್ಲಿತ್ತು, ಲೆಕ್ಕ ಗಂಡಸರ ಬಾಯಲ್ಲಿತ್ತು.

1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ದೇಶದ ನಾಣ್ಯ ಬದಲಾಯಿತು. 16 ಆಣೆ, 64 ಪೈಸೆ, 192 ಪೈ ಇದ್ದ ರೂಪಾಯಿ 100 ನಯೇ ಪೈಸೆ ಆಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50, ಅಲ್ಲಿ ತೊಂದರೆ ಇಲ್ಲ. ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು. ಕಾಲು ಪೈಸೆ ಎಲ್ಲಿಂದ ತರುವುದು? ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಹೊಂದಿಸಿದರು. ಅಂದರೆ ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಕೊಂಡರೆ 24 ಪೈಸೆ, ನಾಲ್ಕನ್ನೂ ಒಮ್ಮೆಗೇ ಕೊಂಡರೆ 25. ಚಿಲ್ಲರೆ ಅಂಗಡಿಯ ಮುಂದೆ ಜಗಳಕ್ಕೆ ಇಷ್ಟು ಸಾಕು.

ತೂಕ ನಿಧಾನಕ್ಕೆ ಬದಲಾಯಿತು. 1958ರಿಂದ ಹಂತ ಹಂತವಾಗಿ ಸೇರು, ಮಣಗಳ ಜಾಗಕ್ಕೆ ಕಿಲೋ, ಕ್ವಿಂಟಲ್ ಬಂದವು. 1964ರಲ್ಲಿ 'ನಯೇ' ಎಂಬ ಮಾತು ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಕಾಲು ರೂಪಾಯಿಯ ನಾಣ್ಯಕ್ಕೆ ನಾವು ಕೊನೆಯವರೆಗೂ ನಾಲ್ಕಾಣೆ ಎಂದೇ ಅಂದೆವು. 2011ರ ಜೂನ್ 30ಕ್ಕೆ ಅದೂ ಚಲಾವಣೆಯಿಂದ ಹೋಯಿತು.

ಹತ್ತರ ಲೆಕ್ಕ ಬಂದದ್ದರಿಂದ ಶಾಲೆಯ ಕೆಲಸ ಹಗುರಾಯಿತು, ಅದು ನಿಜ. ಮೊದಲು ರೂಪಾಯಿ-ಆಣೆ-ಪೈ ಕೂಡಿಸುವಾಗ ಪೈ ಹನ್ನೆರಡಾದರೆ ಒಂದು ದಶಕ, ಆಣೆ ಹದಿನಾರಾದರೆ ಇನ್ನೊಂದು. ಮಣ-ಸೇರಿಗೆ ಹೋದರೆ ನಲವತ್ತಕ್ಕೆ ಮತ್ತೊಂದು. ಈಗ ಎಲ್ಲಕ್ಕೂ ಹತ್ತೇ. ದೊಡ್ಡ ಸಂಖ್ಯೆ ಕೂಡಿಸುವುದು ಬಂದರೆ ರೂಪಾಯಿ-ಪೈಸೆಯೂ ಬಂತು, ಕಿಲೋ-ಗ್ರಾಮೂ ಬಂತು.

ಹೋದದ್ದು ಏನು? ಒಂದು ರೂಪಾಯಿಯನ್ನು ಮೂವರಿಗೆ ಹಂಚಿ ನೋಡಿ. ಹಳೆಯ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 5 ಆಣೆ 4 ಪೈ, ಚುಕ್ತಾ. ಹೊಸದರಲ್ಲಿ 33 ಪೈಸೆ, ಒಂದು ಪೈಸೆ ಉಳಿಯುತ್ತದೆ. ಆಣೆಗೆ 12 ಪೈ ಯಾಕಿತ್ತು ಎಂಬುದು ಇಲ್ಲಿ ಕಾಣುತ್ತದೆ. 16ರಲ್ಲಿ ಎರಡು, ನಾಲ್ಕು, ಎಂಟು ಇವೆ, ಮೂರು ಇಲ್ಲ. ಆ ಮೂರನ್ನು 12 ತಂದುಕೊಡುತ್ತದೆ. 192ಕ್ಕೆ ಒಟ್ಟು 14 ಅಪವರ್ತನಗಳು, 100ಕ್ಕೆ 9. ಹಂಚುವವನಿಗೆ 192 ಒಳ್ಳೆಯದು, ಬರೆಯುವವನಿಗೆ 100 ಒಳ್ಳೆಯದು. ಮೂವರು ಅಣ್ಣತಮ್ಮಂದಿರು 2 ಎಕರೆ 20 ಗುಂಟೆಯನ್ನು ಹಿಸ್ಸೆ ಮಾಡಿಕೊಳ್ಳಲು ಕೂತಾಗ ಈಗಲೂ ಇದೇ ತೊಡಕು. 100 ಗುಂಟೆಗೆ ಮೂವರು, ತಲಾ 33 ಗುಂಟೆ 5 ಆಣೆ, ಅದರ ಮೇಲೆ ಆಣೆಯಲ್ಲಿ ಮೂರನೆಯ ಒಂದು ಪಾಲು. ಆ ಕೊನೆಯ ತುಣುಕಿಗೆ ಬದು ಯಾರದ್ದು ಎಂದು ವರ್ಷಗಟ್ಟಲೆ ಮಾತು ಬಿಟ್ಟವರನ್ನು ನಾವು ಕಂಡಿದ್ದೇವೆ.

ಅಪವರ್ತನ, ಅಪವರ್ತ್ಯ ಎಂಬ ಪಾಠವನ್ನು ಹೀಗೆ ಹಂಚುವ ಕಡೆಯಿಂದ ಶುರು ಮಾಡಿದರೆ ಮಕ್ಕಳಿಗೆ ಹಿಡಿಯುತ್ತದೆ ಎಂದು ನಮ್ಮ ಅನಿಸಿಕೆ. ಈಗಿರುವಂತೆ ಹೆಸರುಗಳೇ ಕಾಡುತ್ತವೆ. ಎರಡು ಶಬ್ದಗಳ ನಡುವೆ ಇರುವುದು ಕೊನೆಯ ಅಕ್ಷರದ ವ್ಯತ್ಯಾಸ, ಅರ್ಥ ಮಾತ್ರ ತದ್ವಿರುದ್ಧ. ಕಲಘಟಗಿಯ ಕಡೆ ಒಬ್ಬ ಮೇಡಂ ಇದನ್ನು ಸುಲಭ ಮಾಡಿಕೊಂಡಿದ್ದರು. "12ನ್ನು ಉಳಿಕೆ ಇಲ್ಲದ ಹಂಗ ಹಂಚಾಕ ಬರೂವು ಅಪವರ್ತನ. 12ರ ಮಗ್ಗ್ಯಾಗ ಬರೂವು ಅಪವರ್ತ್ಯ." ಅಷ್ಟೇ. ಹಲಗೆಯ ಮೂಲೆಯಲ್ಲಿ ವರ್ಷವಿಡೀ ಅದನ್ನು ಅಳಿಸದೆ ಬಿಟ್ಟಿದ್ದರು.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದ ಬಿಟ್ಟುಹೋದ ಪಾಠ ತುಂಬಿಸಲು 2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ನಡೆಸಿತು. ಆ ವರ್ಷ ಮಾಸ್ತರರ ಬಾಯಲ್ಲಿ ನಾವು ಹೆಚ್ಚು ಕೇಳಿದ್ದು ಸೊನ್ನೆಯ ಮಾತು. 618ನ್ನು 6ರಿಂದ ಭಾಗಿಸಿ ಅಂದರೆ 103ರ ಬದಲು 13 ಬರೆಯುತ್ತಾರೆ. 7.05 ಎಂದು ಬರೆದರೆ ಏಳೂವರೆ ಎಂದು ಓದುತ್ತಾರೆ. ಹಲಗೆಯ ಮೇಲೆ ಇದು ಒಂದು ಅಂಕದ ತಪ್ಪು. ಹೆಸರುಕಾಳಿನ ಪಟ್ಟಿಯಲ್ಲಿ ಹಾಗಲ್ಲ. ಕ್ವಿಂಟಲ್‌ಗೆ 7,000 ರೂಪಾಯಿ ಎಂದು ಇಟ್ಟುಕೊಂಡರೆ 7 ಕ್ವಿಂಟಲ್ 5 ಕಿಲೋಗೆ 49,350 ರೂಪಾಯಿ, ಏಳೂವರೆ ಕ್ವಿಂಟಲ್‌ಗೆ 52,500. ಪಟ್ಟಿಯನ್ನು ಮನೆಗೆ ತಂದು ಮಕ್ಕಳ ಕೈಯಲ್ಲಿ ಓದಿಸುವ ರೂಢಿ ನಮ್ಮಲ್ಲಿದೆ. ಹಾಗಾಗಿ ಆ ಸೊನ್ನೆ ಮನೆಯ ಸೊನ್ನೆ.

ಇನ್ನು ಪಹಣಿಯ ಚುಕ್ಕಿ. ನಾಣ್ಯ, ತೂಕ ಎಲ್ಲ ಹತ್ತಕ್ಕೆ ಬಂದರೂ ಹೊಲ ಬರಲಿಲ್ಲ. ಒಂದು ಕಾಲಕ್ಕೆ ನಮ್ಮಂತೆಯೇ ಮುಂಬೈ ರಾಜ್ಯದಲ್ಲಿದ್ದ ಕೊಲ್ಹಾಪುರ, ಸಾಂಗ್ಲಿ ಕಡೆಯ ಸಾತ್‌ಬಾರಾ ಉತಾರದಲ್ಲಿ ಈಗ ಹೆಕ್ಟೇರ್ ಮತ್ತು ಆರ್. ಹೆಕ್ಟೇರಿಗೆ 100 ಆರ್, ಆದ್ದರಿಂದ ಅಲ್ಲಿನ 1.25 ನಿಜವಾಗಿಯೂ ಸವ್ವಾ ಹೆಕ್ಟೇರ್, ಮೊಬೈಲಿನಲ್ಲಿ ಕೂಡಿಸಿದರೂ ಸರಿ. ಕರ್ನಾಟಕ ಎಕರೆ-ಗುಂಟೆಯನ್ನು ಉಳಿಸಿಕೊಂಡಿತು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಕೂತಿತು. ನಲವತ್ತರ ಲೆಕ್ಕ ನೂರರ ಲೆಕ್ಕದ ಅಂಗಿ ಹಾಕಿಕೊಂಡಂತೆ.

ಕಟ್ಟೆಯ ಮೇಲೆ ಅಂದು ಕೊನೆಗೆ ಹೀಗಾಯಿತು. ಹುಡುಗ ಅಜ್ಜಾರ ಮಾತನ್ನು ಪೂರ್ತಿ ನಂಬಲಿಲ್ಲ. ದೀಡ ಅಂದರೆ ಏನು ಎಂದು ಅವನಿಗೆ ಗೊತ್ತಿರಲಿಲ್ಲ. ವಹಿಯ ಹಿಂದಿನ ಹಾಳೆ ತೆಗೆದು 25ನ್ನು 40ರಿಂದ ಭಾಗಿಸತೊಡಗಿದ. ಮೊದಲ ಸಲ ಚುಕ್ಕಿ ಇಡಲು ಮರೆತ, ಎರಡನೆಯ ಸಲ 0.625 ಬಂತು. ಎಕರೆಯನ್ನು ಕೂಡಿಸಿ 1.625 ಮಾಡಿದ. ಅದರ ಎರಡರಷ್ಟು 3.25. ಅಜ್ಜಾರ ಸವ್ವಾ ಮೂರೇ ಅದು ಎಂದು ಅವನಿಗೆ ಹೊಳೆಯಲು ಇನ್ನೊಂದು ಗಳಿಗೆ ಬೇಕಾಯಿತು. ಲಾವಣಿಯವರು ಮೂರು ಎಕರೆಯ ಮೇಲಿನ ಹತ್ತು ಗುಂಟೆ ಬಿಟ್ಟುಬಿಡಿ ಎಂದು ಚೌಕಾಶಿಗೆ ಇಳಿದರು. ಅಜ್ಜಿ ಒಪ್ಪಲಿಲ್ಲ. "ಗುಂಟೇಕ ಎಷ್ಟ ಬೀಳತೈತಿ ನೋಡಲೇ" ಎಂದು ಮೊಮ್ಮಗನಿಗೆ ಹೇಳಿದರು. ಅವನು ಮೊಬೈಲನ್ನು ಕಿಸೆಗೆ ಹಾಕಿ, 12,000ವನ್ನು 40ರಿಂದ ಭಾಗಿಸಲು ಹೊಸ ಹಾಳೆ ತಿರುವಿದ.